ನೂರು ಮಣಿಯ ಗಣಿತ ಮಾಲೆ: ಯಾವುದನ್ನು ಕೊಳ್ಳಬೇಕು, ಮನೆಯಲ್ಲಿ ಹೇಗೆ ಬಳಸಬೇಕು

ಐದರಿಂದ ಎಂಟು ವರ್ಷದ ಮಗು ಮನೆಯಲ್ಲಿದೆಯಾ? ಗಣಿತಕ್ಕೆ ಅಂತ ಒಂದೇ ಒಂದು ವಸ್ತು ಕೊಳ್ಳುವ ಯೋಚನೆ ಇದ್ದರೆ ಗಣಿತ ಮಾಲೆ ಕೊಳ್ಳಿ. ಒಂದು ದಾರ, ನೂರು ಮಣಿ, ಎರಡು ಬಣ್ಣ. ಮೊದಲ ಹತ್ತು ಮಣಿ ಕೆಂಪು, ಮುಂದಿನ ಹತ್ತು ಬಿಳಿ, ಆಮೇಲೆ ಮತ್ತೆ ಹತ್ತು ಕೆಂಪು, ಹೀಗೆ ನೂರರ ತನಕ. ಅಷ್ಟೇ ಇರುವುದು. ಬ್ಯಾಟರಿ ಇಲ್ಲ, ಹಾಡು ಇಲ್ಲ, ಮಣಿಯ ಮೇಲೆ ಅಂಕಿ ಕೂಡ ಬರೆದಿರುವುದಿಲ್ಲ. ಮಗಳು ಯುಕೆಜಿಯಲ್ಲಿದ್ದಾಗ ತಂದೆವು. ಈಗ ಅವಳು ಎರಡನೇ ಕ್ಲಾಸು. ಇನ್ನೂ ಹಾಲ್‌ನ ಕಿಟಕಿ ಸರಳಿಗೆ ಕಟ್ಟಿದ್ದು ಕಟ್ಟಿದ ಹಾಗೇ ಇದೆ, ಬಳಸುತ್ತಲೂ ಇದ್ದೇವೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಮಾಲೆ ತಂದು ಮಗುವಿನ ಕೈಗೆ ಕೊಟ್ಟು "ಎಣಿಸು" ಅಂದು ಸುಮ್ಮನಾದರೆ ಏನೂ ಪ್ರಯೋಜನವಿಲ್ಲ, ಅದರ ಜೊತೆ ಏನು ಮಾಡಬೇಕು ಅನ್ನುವುದು ಅಪ್ಪ ಅಮ್ಮನಿಗೆ ಗೊತ್ತಿರಬೇಕು, ಅದನ್ನು ಪೊಟ್ಟಣದ ಮೇಲೆ ಯಾರೂ ಬರೆದಿರುವುದಿಲ್ಲ.

ಇದು ಹೊಸ ಆಟಿಕೆ ಏನಲ್ಲ. ನೆದರ್ಲೆಂಡ್ಸ್‌ನ ಶಾಲೆಗಳಲ್ಲಿ ಇಂಥ ಮಣಿ ದಾರ ತುಂಬಾ ಕಾಲದಿಂದ ಇದೆ. ಅಲ್ಲಿ ಹಾನ್ಸ್ ಫ್ರಾಯ್ಡೆಂತಾಲ್ ಅಂತ ಒಬ್ಬ ಗಣಿತಜ್ಞರಿದ್ದರು (1905–1990). ಮಕ್ಕಳಿಗೆ ಗಣಿತವನ್ನು ಸಿದ್ಧ ನಿಯಮಗಳಾಗಿ ಕೊಡಬಾರದು, ಅವರಿಗೆ ನಿಜ ಅನ್ನಿಸುವ ಸಂದರ್ಭದಿಂದ ಶುರು ಮಾಡಿ ಅವರೇ ಅದನ್ನು ಕಂಡುಕೊಳ್ಳುವ ಹಾಗೆ ಮಾಡಬೇಕು ಅನ್ನುವುದು ಅವರ ವಾದ. ಆ ದಾರಿಯಲ್ಲಿ ನಡೆದ ಶಿಕ್ಷಕರ ನೆಚ್ಚಿನ ಸಾಧನ ಇದು. ನಮ್ಮ ದೇಶದಲ್ಲಿ ದೆಹಲಿಯ ಜೋಡೋ ಜ್ಞಾನ್ ಸಂಸ್ಥೆ ಗಣಿತ್ ಮಾಲಾ ಅನ್ನುವ ಹೆಸರಿನಲ್ಲಿ ಇದನ್ನು ಮಾಡಿ ಮಾರುತ್ತದೆ. ಈಗ ಬೇರೆಯವರೂ ಮಾಡುತ್ತಾರೆ. ನಮ್ಮನೆಯಲ್ಲಿ ಎರಡಿವೆ. ಒಂದು ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ಕಿನದು, ಇನ್ನೊಂದು ಚನ್ನಪಟ್ಟಣದ ಮರದ ಮಣಿ ತಂದು ನಾವೇ ಪೋಣಿಸಿದ್ದು.

ಮೊದಲು ಇದು ಏನು ಮಾಡುತ್ತದೆ ಅಂತ ಹೇಳುತ್ತೇನೆ.

ಯುಕೆಜಿ ಮಕ್ಕಳು ನೂರರವರೆಗೆ ಗಡಗಡ ಹೇಳುತ್ತಾರೆ. ನೆಂಟರು ಬಂದಾಗ ಹೇಳಿಸಿ ಖುಷಿಪಡುತ್ತೇವೆ. ಆದರೆ ಅದೇ ಮಗುವಿನ ಮುಂದೆ ಏಳು ಕಡಲೆಬೀಜ ಇಟ್ಟು ಎಣಿಸು ಅನ್ನಿ. ಒಂದು, ಎರಡು ಅಂತ ಏಳರವರೆಗೆ ಸರಿಯಾಗಿ ಎಣಿಸುತ್ತದೆ. ಆಮೇಲೆ "ಒಟ್ಟು ಎಷ್ಟಿದೆ?" ಅಂತ ಕೇಳಿ. ಎಷ್ಟೋ ಮಕ್ಕಳು ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತಾರೆ. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಅನ್ನುವುದು ಅವರಿಗೆ ಇನ್ನೂ ಕೂತಿರುವುದಿಲ್ಲ. ಇದು ದಡ್ಡತನ ಅಲ್ಲ, ಕಲಿಕೆಯಲ್ಲಿ ಬರುವ ಒಂದು ಹಂತ. ಆ ಹಂತ ದಾಟುವ ಮೊದಲೇ ನಾವು ಪುಸ್ತಕ ಬಿಡಿಸಿ 4+3 ಬರೆಸಲು ಕೂರುತ್ತೇವೆ, ಮಗು ಬೆರಳು ಎಣಿಸಿ ಉತ್ತರ ಬರೆಯುತ್ತದೆ, ಎಲ್ಲ ಸರಿಯಿದೆ ಅಂತ ಟಿಕ್ ಬೀಳುತ್ತದೆ, ಒಳಗೆ ಮಾತ್ರ ಏನೂ ಕೂತಿರುವುದಿಲ್ಲ.

ಮಾಲೆಯ ಮೇಲೆ ಪ್ರತಿ ಸಂಖ್ಯೆಗೂ ಒಂದು ಜಾಗ ಇದೆ, ಒಂದು ಉದ್ದ ಇದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಹಾಗೆ. ಏಳು ಅಂದರೆ ಇಲ್ಲಿಂದ ಇಲ್ಲಿಯವರೆಗೆ. ಇಂಗ್ಲಿಷ್ ಮೀಡಿಯಮ್ ಮಕ್ಕಳಿಗೆ ಥರ್ಟೀನ್ ಮತ್ತು ಥರ್ಟಿ, ಸೆವೆಂಟೀನ್ ಮತ್ತು ಸೆವೆಂಟಿ ಕಲಸಿಹೋಗುವುದು ಎಲ್ಲ ಅಮ್ಮಂದಿರಿಗೂ ಗೊತ್ತು. ಕಿವಿಗೆ ಒಂದೇ ತರಹ ಕೇಳಿಸುತ್ತದೆ. ಹದಿನೇಳರ ಹತ್ತಿರ ಒಂದು ಬಟ್ಟೆ ಕ್ಲಿಪ್, ಎಪ್ಪತ್ತರ ಹತ್ತಿರ ಇನ್ನೊಂದು ಬಟ್ಟೆ ಕ್ಲಿಪ್ ಹಾಕಿ. ಒಂದು ಕಿಟಕಿಯ ಈ ಮೂಲೆಯಲ್ಲಿರುತ್ತದೆ, ಇನ್ನೊಂದು ಆಚೆ ಕಡೆ. ಅದರ ಮೇಲೆ ವಿವರಣೆ ಬೇಕಾಗುವುದಿಲ್ಲ.

ಬಟ್ಟೆ ಕ್ಲಿಪ್ ಅಂದೆನಲ್ಲ, ಅದು ಈ ಮಾಲೆಯ ಅರ್ಧ ಜೀವ. ಒಂದು ಹಾಳೆಯನ್ನು ಸಣ್ಣ ಸಣ್ಣ ಚೀಟಿ ಮಾಡಿ ಅಂಕಿ ಬರೆದು ಇಡಿ. ಮಗು ಒಂದು ಚೀಟಿ ಎತ್ತಬೇಕು, ಆ ಸಂಖ್ಯೆಯ ಮಣಿ ಹುಡುಕಿ ಅದರ ಪಕ್ಕಕ್ಕೆ ಕ್ಲಿಪ್ ಸಿಕ್ಕಿಸಬೇಕು. ಇಷ್ಟೇ ಆಟ. ಮೊದಮೊದಲು 53 ಬಂದರೆ ಒಂದರಿಂದ ಒಂದೊಂದೇ ಮಣಿ ಎಣಿಸುತ್ತಾಳೆ. ಎಣಿಸಲಿ ಬಿಡಿ. ನಡುವೆ ತಪ್ಪುತ್ತದೆ, ಮತ್ತೆ ಶುರು. ಸುಸ್ತಾಗುತ್ತದೆ. ಒಂದು ದಿನ ತಾನಾಗಿಯೇ ಬಣ್ಣ ನೋಡುತ್ತಾಳೆ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಆಮೇಲೆ ಮೂರು. ಪುಸ್ತಕದಲ್ಲಿ "ಬಿಡಿ", "ಹತ್ತು" ಅಂತ ಎರಡು ಮನೆ ಬರೆದು ಅಂಕಿ ತುಂಬಿಸುವ ಪಾಠ ಇದೆಯಲ್ಲ, ಅದು ಇದೇ. ಆದರೆ ಇಲ್ಲಿ ಮಗುವಿಗೆ ಹತ್ತರ ಗುಂಪು ಯಾಕೆ ಬೇಕು ಅನ್ನುವುದು ಗೊತ್ತಾಗುತ್ತದೆ, ಅದು ಶ್ರಮ ಉಳಿಸುತ್ತದೆ ಅಂತ. ಆಮೇಲೆ ಇನ್ನೊಂದು ಗಳಿಗೆ ಬರುತ್ತದೆ. 98 ಬಂದಾಗ ಮಗು ಈ ತುದಿಯಿಂದ ಶುರು ಮಾಡದೆ ಸೀದಾ ಆ ತುದಿಗೆ ಹೋಗಿ ಎರಡು ಮಣಿ ಹಿಂದೆ ಬರುತ್ತದೆ. ನಮ್ಮ ಮಗಳು ಹಾಗೆ ಮಾಡಿದಾಗ ನಾನು ಅಡುಗೆಮನೆಯಿಂದ ನೋಡುತ್ತಿದ್ದೆ, ಎಷ್ಟು ಖುಷಿಯಾಯಿತು ಅಂದರೆ ಒಗ್ಗರಣೆ ಸೀದುಹೋಯಿತು.

ಮುಂದಿನ ವರ್ಷ ಕೂಡುವುದು, ಕಳೆಯುವುದು. ಇಲ್ಲೇ ಈ ಮಾಲೆ ತನ್ನ ಬೆಲೆ ತೋರಿಸುವುದು. 38+25 ತೆಗೆದುಕೊಳ್ಳಿ. ಸ್ಲೇಟಿನ ಮೇಲೆ ನಾವು ಕಲಿತದ್ದು ಹೇಗೆ? ಎಂಟು ಐದು ಹದಿಮೂರು, ಮೂರು ಬರಿ, ಕೈಯಲ್ಲಿ ಒಂದು. ಆ ಒಂದು ಯಾಕೆ ಕೈಗೆ ಬಂತು ಅಂತ ನಮಗೆ ಯಾರೂ ಹೇಳಲಿಲ್ಲ. ಮಾಲೆಯ ಮೇಲೆ ಮಗು 38ರಲ್ಲಿ ನಿಂತಿರುತ್ತದೆ. ಎರಡು ಮಣಿ ಹೋದರೆ ಬಣ್ಣ ಮುಗಿಯುತ್ತದೆ, 40. ಅಲ್ಲಿಂದ ಎರಡು ಬಣ್ಣ ದಾಟಿದರೆ 60. ಇಪ್ಪತ್ತೈದರಲ್ಲಿ ಉಳಿದದ್ದು ಮೂರು. 63. ಕೆಲವು ಮಕ್ಕಳು ಬೇರೆ ದಾರಿ ಹಿಡಿಯುತ್ತಾರೆ, ಮೊದಲು ಇಪ್ಪತ್ತು ಹಾರಿ 58ಕ್ಕೆ ಹೋಗಿ ಆಮೇಲೆ ಐದು. ಅದೂ ಸರಿ. ಅಂಗಡಿಯಲ್ಲಿ ನಾವೆಲ್ಲ ತಲೆಯಲ್ಲಿ ಲೆಕ್ಕ ಹಾಕುವುದು ಹೀಗೇ ಅಲ್ವಾ? ಯಾರೂ ಗಾಳಿಯಲ್ಲಿ ಒಂದರ ಕೆಳಗೊಂದು ಅಂಕಿ ಬರೆದು ಕೂಡುವುದಿಲ್ಲ.

ಕಳೆಯುವುದಂತೂ ಇನ್ನೂ ಚೆಂದ. 52ರಲ್ಲಿ 48 ಕಳೆ ಅಂದರೆ ಪುಸ್ತಕದ ಪ್ರಕಾರ ಎರಡರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದಿಂದ ಸಾಲ ತರಬೇಕು, ಐದು ನಾಲ್ಕಾಗಬೇಕು, ಎರಡು ಹನ್ನೆರಡಾಗಬೇಕು. ಮಾಲೆಯ ಮೇಲೆ 48ಕ್ಕೆ ಒಂದು ಕ್ಲಿಪ್, 52ಕ್ಕೆ ಒಂದು ಕ್ಲಿಪ್ ಹಾಕಿ. ನಡುವೆ ನಾಲ್ಕು ಮಣಿ ಕಾಣುತ್ತವೆ. ಮುಗಿಯಿತು. ಸ್ಕೂಲಿನಲ್ಲಿ ಸಾಲ ತರುವ ಪದ್ಧತಿ ಕಲಿಸಿಯೇ ಕಲಿಸುತ್ತಾರೆ, ಅದೂ ಬೇಕು. ಆದರೆ ಉತ್ತರ ಸುಮಾರು ಎಷ್ಟಿರಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಮಗು 16 ಅಂತ ತಪ್ಪು ಉತ್ತರ ಬರೆದಾಗ ತಾನೇ ನಿಂತು ನೋಡುತ್ತದೆ.

ಈಗ ಮುಖ್ಯ ವಿಷಯ. ಈ ಮಾಲೆ ನನಗೆ ಇಷ್ಟವಾಗಲು ದೊಡ್ಡ ಕಾರಣ ಮಗಳಿಗಿಂತ ಜಾಸ್ತಿ ಅದು ನಮಗೆ ಮಾಡಿದ ಸಹಾಯ. ನಮ್ಮನೆಯವರಿಗೆ ಚಿಕ್ಕಂದಿನಿಂದ ಗಣಿತ ಅಂದರೆ ಭಯ. ಹೋಮ್‌ವರ್ಕ್ ಮಾಡಿಸಲು ಕೂತರೆ ಹತ್ತು ನಿಮಿಷದಲ್ಲಿ ದನಿ ಏರುತ್ತಿತ್ತು, ಮಗು ಅಳುತ್ತಿತ್ತು. ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಗಣಿತದ ಭಯ ಇರುವ ಅಪ್ಪ ಅಮ್ಮ ಮತ್ತೆ ಮತ್ತೆ ಹೋಮ್‌ವರ್ಕ್‌ಗೆ ಸಹಾಯ ಮಾಡಿದ ಮನೆಗಳಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳು ಆ ವರ್ಷ ಗಣಿತ ಕಡಿಮೆ ಕಲಿತಿದ್ದರು, ಅವರ ಭಯವೂ ಜಾಸ್ತಿಯಾಗಿತ್ತು. ಭಯ ಇರುವವರು ಸಹಾಯ ಮಾಡಲೇಬಾರದು ಅಂತಲ್ಲ. ಪಾಠ ಹೇಳುವ ಭಾರ ಅವರ ಮೇಲೆ ಇರಬಾರದು. ಮಾಲೆ ಇದ್ದರೆ ಪಾಠ ಹೇಳಬೇಕಾಗಿಲ್ಲ, ಕೇಳಿದರೆ ಸಾಕು. "ಪುಟ್ಟಿ, ಹೇಗೆ ಗೊತ್ತಾಯ್ತು?" ಇದೊಂದು ಪ್ರಶ್ನೆ. ಉತ್ತರ ಸರಿಯಿದ್ದಾಗಲೂ ಕೇಳಿ, ತಪ್ಪಿದ್ದಾಗಲೂ ಅದೇ ದನಿಯಲ್ಲಿ ಕೇಳಿ. ತಪ್ಪಿದ್ದಾಗ ಮಾತ್ರ ಕೇಳಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗಿ ಉತ್ತರ ಬದಲಾಯಿಸಿಬಿಡುತ್ತವೆ. "ಬೇರೆ ತರಹ ಹೋಗಬಹುದಾ ನೋಡು" ಅನ್ನುವುದು ಇನ್ನೊಂದು. ಈಗ ನಮ್ಮನೆಯವರೇ ಸಂಜೆ ಬಂದು "ನಾನು ಒಂದು ಸಂಖ್ಯೆ ಅಂದುಕೊಂಡಿದ್ದೇನೆ, ಹುಡುಕು" ಅಂತ ಶುರು ಮಾಡುತ್ತಾರೆ. ಮಗಳು 50 ಅನ್ನುತ್ತಾಳೆ, ಇವರು ಅದಕ್ಕಿಂತ ದೊಡ್ಡದು ಅನ್ನುತ್ತಾರೆ, ಅಲ್ಲಿ ಒಂದು ಕ್ಲಿಪ್ ಬೀಳುತ್ತದೆ. 80, ಚಿಕ್ಕದು, ಇನ್ನೊಂದು ಕ್ಲಿಪ್. ನಡುವಿನ ಜಾಗ ಕಿರಿದಾಗುತ್ತಾ ಹೋಗಿ ಕೊನೆಗೆ ಸಂಖ್ಯೆ ಸಿಕ್ಕಿಬೀಳುತ್ತದೆ.

ಮಗ್ಗಿಗೆ ನಮ್ಮತ್ತೆಯೇ ಗುರು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅಂತ ರಾಗವಾಗಿ ಹೇಳಿಸುತ್ತಾರೆ. ಬಾಯಿಪಾಠ ಬೇಡ ಅನ್ನುವ ಪೈಕಿ ನಾನಲ್ಲ. ಬಾಯಿಗೆ ಬಂದಿದ್ದರೆ ಮುಂದೆ ಭಾಗಾಕಾರಕ್ಕೆ ಬಹಳ ಅನುಕೂಲ. ಅಜ್ಜಿ ಹೇಳುವಾಗ ಮೊಮ್ಮಗಳು ಮಾಲೆಯ ಮೇಲೆ ಕ್ಲಿಪ್ ಹಾಕುತ್ತಾ ಹೋಗುತ್ತಾಳೆ. ಐದರ ಮಗ್ಗಿ ಪ್ರತಿ ಎರಡನೇ ಹೆಜ್ಜೆಗೆ ಬಣ್ಣದ ಗಡಿಯಲ್ಲಿ ಬಂದು ನಿಲ್ಲುತ್ತದೆ. ಒಂಬತ್ತರ ಮಗ್ಗಿಯಲ್ಲಿ ಬೇರೆಯೇ ತಮಾಷೆ ಇದೆ. 9, ಹತ್ತಕ್ಕೆ ಒಂದು ಕಡಿಮೆ. 18, ಇಪ್ಪತ್ತಕ್ಕೆ ಎರಡು ಕಡಿಮೆ. 27, ಮೂವತ್ತಕ್ಕೆ ಮೂರು ಕಡಿಮೆ. ಕ್ಲಿಪ್ ಪ್ರತಿ ಬಣ್ಣದಲ್ಲಿ ಒಂದೊಂದೇ ಮಣಿ ಹಿಂದೆ ಸರಿಯುವುದು ಕಣ್ಣಿಗೆ ಕಾಣುತ್ತದೆ. ಅತ್ತೆ ಇಷ್ಟು ವರ್ಷ ಮಗ್ಗಿ ಹೇಳಿದವರು, ಇದನ್ನು ನೋಡಿ "ಹೌದಲ್ಲೇ!" ಅಂದರು.

ಹಾಗಾದರೆ ಹತ್ತು ಕಂಬಿ, ಕಂಬಿಗೆ ಹತ್ತು ಮಣಿ ಇರುವ ಹಳೆಯ ಮಣಿ ಚೌಕಟ್ಟು ಸಾಲದಾ? ಎಷ್ಟೋ ಮನೆಯಲ್ಲಿ ಅದು ಇದೆ. ಹತ್ತರ ಗುಂಪು ತೋರಿಸಲು ಸಾಕು. ಆದರೆ ಪ್ರತಿ ಹತ್ತಕ್ಕೂ ಸಾಲು ಮುರಿಯುತ್ತದೆ, 10ರಿಂದ 11ಕ್ಕೆ ಹೋಗಲು ಕೆಳಗಿನ ಕಂಬಿಗೆ ಇಳಿಯಬೇಕು. 38ರಿಂದ 63ಕ್ಕೆ ಒಂದೇ ಓಟ ಓಡಲು ಆಗುವುದಿಲ್ಲ. ಹಾವು ಏಣಿ ಪಟದಲ್ಲೂ ಇದೇ ತೊಂದರೆ, ಸಾಲು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತದೆ. ನೇರ ಸಾಲಿಗೆ ನಿಜವಾಗಿಯೂ ಬೆಲೆ ಇದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಒಂದರಿಂದ ಹತ್ತರವರೆಗೆ ನೇರವಾಗಿ ಅಂಕಿ ಬರೆದ ಪಟದ ಮೇಲೆ ಆಡಿದ ಶಾಲಾಪೂರ್ವ ಮಕ್ಕಳ ಸಂಖ್ಯಾ ಜ್ಞಾನ ಸುಧಾರಿಸಿತ್ತು. ಅದೇ ಪಟ, ಅಂಕಿಯ ಬದಲು ಬರೀ ಬಣ್ಣ ಇದ್ದಾಗ ಹಾಗಾಗಲಿಲ್ಲ. ಆದ್ದರಿಂದಲೇ ಮಾಲೆಯ ಜೊತೆ ಅಂಕಿ ಬರೆದ ಚೀಟಿ ಬಿಡಬೇಡಿ.

ಅಬ್ಯಾಕಸ್ ಕ್ಲಾಸಿಗೆ ಕಳಿಸಲಾ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲಿ ಬಳಸುವುದು ಬೇರೆ ಸಾಧನ. ಮೇಲಿನ ಒಂದು ಮಣಿಗೆ ಐದರ ಬೆಲೆ, ಕೆಳಗಿನ ನಾಲ್ಕಕ್ಕೆ ಒಂದೊಂದು. ವೇಗ ಬರುತ್ತದೆ, ಒಪ್ಪುತ್ತೇನೆ. ನನ್ನ ಅಭಿಪ್ರಾಯದಲ್ಲಿ ಐದಾರು ವರ್ಷದ ಮಗುವಿಗೆ ವೇಗ ಬೇಡ, ಇನ್ನೂ ಸಂಖ್ಯೆಯ ಪರಿಚಯವೇ ಆಗುತ್ತಿರುತ್ತದೆ. ಅಂಥ ವಯಸ್ಸಲ್ಲಿ ಗಡಿಯಾರ ಇಟ್ಟು ಲೆಕ್ಕ ಮಾಡಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ.

ಆ್ಯಪ್ ಬೇಕು ಅನ್ನುವವರಿಗೆ ಬೆಂಗಳೂರಿನ ಅಕ್ಷರ ಫೌಂಡೇಶನ್ ಮಾಡಿರುವ ಬಿಲ್ಡಿಂಗ್ ಬ್ಲಾಕ್ಸ್ ಒಳ್ಳೆಯದು. ಉಚಿತ, ಕನ್ನಡದಲ್ಲೂ ಇದೆ, ಶಾಲೆಯ ಪಠ್ಯದ ಜೊತೆ ಹೊಂದುತ್ತದೆ. ಆದರೆ ಮೊದಲು ಕೈಯಲ್ಲಿ ಮುಟ್ಟಿ ಮಾಡಿದ ಮೇಲೆ ಅಭ್ಯಾಸಕ್ಕೆ ಅದನ್ನು ಕೊಡಿ. ಮಗು ಫೋನ್ ಹಿಡಿದು ಒಂದು ಮೂಲೆಯಲ್ಲಿ, ಅಮ್ಮ ಇನ್ನೊಂದು ಮೂಲೆಯಲ್ಲಿ ಇದ್ದರೆ "ಹೇಗೆ ಗೊತ್ತಾಯ್ತು" ಅಂತ ಕೇಳುವವರು ಯಾರು? ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ಓದುವ ಮಕ್ಕಳಿಗೆ ಇದೆಲ್ಲ ಹೊಸದಾಗಿ ಕಾಣುವುದೂ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿ ಕಾರ್ಡು, ಆಟ, ಗುಂಪು ಕೆಲಸದ ಮೇಲೇ ನಿಂತಿದೆ. ಅಂಥ ಮಗುವಿನ ಮನೆಯಲ್ಲಿ ಒಂದು ಮಾಲೆ ಇದ್ದರೆ ಶಾಲೆಯ ಕೆಲಸವೇ ಮನೆಗೂ ಮುಂದುವರಿಯುತ್ತದೆ.

ಇನ್ನು ಕೊಳ್ಳುವ ವಿಷಯ. ಆನ್‌ಲೈನ್‌ನಲ್ಲಿ ನೂರು ಮಣಿಯ ಮಾಲೆ ಅಂತ ಹುಡುಕಿದರೆ ಹತ್ತಾರು ಸಿಗುತ್ತವೆ, ಎಲ್ಲವೂ ಒಂದೇ ಅಲ್ಲ. ನಾವು ಒಬ್ಬ ಮಾರಾಟಗಾರರಿಂದ ತರಿಸಿದ ಪ್ಲಾಸ್ಟಿಕ್ ಮಾಲೆಯಲ್ಲಿ ಒಂದು ಕಡೆ ಒಂಬತ್ತೇ ಕೆಂಪು ಮಣಿ ಇತ್ತು, ಇನ್ನೊಂದು ಕಡೆ ಹನ್ನೊಂದು. ಒಟ್ಟು ನೂರು ಸರಿಯಾಗಿತ್ತು! ಬಿಚ್ಚಿ ಮತ್ತೆ ಪೋಣಿಸಬೇಕಾಯಿತು. ಆದ್ದರಿಂದ ಮಗುವಿನ ಕೈಗೆ ಕೊಡುವ ಮೊದಲು ನೀವೇ ಹತ್ತತ್ತು ಎಣಿಸಿ ನೋಡಿ. ಏಳು ಬಣ್ಣ, ಹತ್ತು ಬಣ್ಣ ಇರುವುದನ್ನು ಕೊಳ್ಳಬೇಡಿ, ನೋಡಲು ಚೆಂದ, ಆದರೆ ಮಗುವಿನ ಗಮನ ಬಣ್ಣದ ಮೇಲೆ ಹೋಗುತ್ತದೆ. ಎರಡು ಬಣ್ಣ, ಎದ್ದು ಕಾಣುವಷ್ಟು ವ್ಯತ್ಯಾಸ. ಅಂಕಿ ಅಚ್ಚಾಗಿರುವ ಮಣಿಯೂ ಬೇಡ. ಅಂಕಿ ಇದ್ದರೆ ಮಗು ಓದುತ್ತದೆ, ಯೋಚಿಸುವುದಿಲ್ಲ. ಮಣಿ ತೀರಾ ಸಣ್ಣದಿದ್ದರೆ ಕ್ಲಿಪ್ ಕೂರುವುದಿಲ್ಲ. ದಾರದಲ್ಲಿ ಒಂದು ಗೇಣಿನಷ್ಟು ಖಾಲಿ ಜಾಗ ಇರಲೇಬೇಕು, ಇಲ್ಲದಿದ್ದರೆ ಮಣಿ ಸರಿಸಲು ಆಗುವುದಿಲ್ಲ. ನಮ್ಮ ಮೊದಲ ಮಾಲೆಯಲ್ಲಿ ಅದೂ ಇರಲಿಲ್ಲ.

ಎರಡನೆಯದು ಮಾತ್ರ ಅಪ್ಪಟ. ಮೈಸೂರು ರಸ್ತೆಯಲ್ಲಿ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದು ಬಿಡಿ ಮಣಿ ಕೇಳಿ ತಂದೆವು. ಅಲ್ಲಿನ ಕುಶಲಕರ್ಮಿಗಳು ಆಲೆ ಮರವನ್ನು ಲೇತ್‌ಗೆ ಕೊಟ್ಟು ತಿರುಗಿಸುತ್ತಲೇ ಅರಗಿನ ಬಣ್ಣ ಒತ್ತುತ್ತಾರೆ, ಬಿಸಿಗೆ ಬಣ್ಣ ಮರಕ್ಕೆ ಹಿಡಿದುಕೊಳ್ಳುತ್ತದೆ. ಕೈಗೆ ನಯ, ಬಣ್ಣ ಏಳುವುದಿಲ್ಲ. ಐವತ್ತು ಕೆಂಪು, ಐವತ್ತು ಹಳದಿ ತೆಗೆದುಕೊಂಡೆವು. ಮಣಿ ಒಂದೂವರೆ ಸೆಂಟಿಮೀಟರ್ ಇದ್ದರೆ ನೂರು ಮಣಿಗೆ ಒಂದೂವರೆ ಮೀಟರ್ ಆಗುತ್ತದೆ, ಆದ್ದರಿಂದ ಎರಡು ಮೀಟರ್ ಗಟ್ಟಿ ನೈಲಾನ್ ದಾರ ಬೇಕು, ತುದಿಯನ್ನು ಮೇಣದಬತ್ತಿಯಲ್ಲಿ ಸ್ವಲ್ಪ ಕರಗಿಸಿದರೆ ಪೋಣಿಸುವುದು ಸುಲಭ. ಮಗುವಿನ ಕೈಯಲ್ಲೇ ಪೋಣಿಸಿ. ಹತ್ತು ಎಣಿಸು, ಬಣ್ಣ ಬದಲಿಸು, ಇದೇ ಮೊದಲ ಪಾಠ. ಪ್ಲಾಸ್ಟಿಕ್ಕಿನದು 200–300 ರೂಪಾಯಿಯೊಳಗೆ ಮುಗಿಯುತ್ತದೆ, ಮರದ್ದು ಅದಕ್ಕಿಂತ ಜಾಸ್ತಿಯಾಗುತ್ತದೆ. ದುಡ್ಡಿಗೆ ಕಷ್ಟ ಇದ್ದರೆ ಫ್ಯಾನ್ಸಿ ಸ್ಟೋರಿನ ಸಾದಾ ಮಣಿಯಲ್ಲೂ ಆಗುತ್ತದೆ, ಕೆಲಸಕ್ಕೆ ಏನೂ ಕೊರತೆಯಿಲ್ಲ.

ಇದರಿಂದ ಆಗದ ಕೆಲಸಗಳೂ ಇವೆ. ಆಕಾರ, ಅಳತೆ, ದುಡ್ಡಿನ ಲೆಕ್ಕ, ಅರ್ಧ ಕಾಲು ಮುಕ್ಕಾಲು, ಇವಕ್ಕೆ ಮಾಲೆ ಬೇಡ. ಅಕ್ಕಿ ಅಳೆಯುವ ಪಾವು, ಸೇರು ಕೊಡಿ, ಒಂದು ಸೇರಿಗೆ ಎಷ್ಟು ಪಾವು ಹಿಡಿಯುತ್ತದೆ ಅಂತ ಅವರೇ ಸುರಿದು ನೋಡಲಿ. ತರಕಾರಿ ತರಲು ಕರೆದುಕೊಂಡು ಹೋಗಿ ಚಿಲ್ಲರೆ ಅವರ ಕೈಯಲ್ಲೇ ಎಣಿಸಿ. ರಜೆಯಲ್ಲಿ ಚೌಕಾಬಾರ ಆಡಿಸಿ. ಕವಡೆ ಎರಚಿ ಎಷ್ಟು ಅಂಗಾತ ಬಿದ್ದಿದೆ ಅಂತ ಎಣಿಸದೆ ನೋಟದಲ್ಲೇ ಹೇಳುವುದು, ಮೂರು ಬಿದ್ದರೆ ಕಾಯಿ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ನೋಡುವುದು, ಎದುರಾಳಿಯ ಕಾಯಿ ಕಡಿಯಲು ಇನ್ನೆಷ್ಟು ಬೇಕು ಅಂತ ಲೆಕ್ಕ ಹಾಕುವುದು, ಎಲ್ಲವೂ ಗಣಿತವೇ. ನಾಲ್ಕೂ ಬೋರಲು ಬಿದ್ದರೆ ಎಂಟು ಅಂತ ಮಗುವಿಗೆ ಒಮ್ಮೆ ಹೇಳಿದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ.

ದಿನಕ್ಕೆ ಹತ್ತು ನಿಮಿಷ ಸಾಕು, ಮಗುವಿಗೆ ಬೇಜಾರಾಗುವ ಮೊದಲೇ ನಿಲ್ಲಿಸಿ. ಮಾಲೆಯನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ, ಮಗುವಿನ ಎದೆಯ ಎತ್ತರಕ್ಕೆ ಎರಡೂ ತುದಿ ಬಿಗಿಯಾಗಿ ಕಟ್ಟಿ. ಜೋತುಬಿದ್ದರೆ ಮಣಿಗಳೆಲ್ಲ ನಡುವೆ ಬಂದು ಸೇರುತ್ತವೆ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಹುಷಾರು, ದಾರ ಕಿತ್ತುಬಂದರೆ ಮಣಿ ಬಾಯಿಗೆ ಹೋಗುತ್ತದೆ, ಉದ್ದ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಅಂಥ ಮನೆಯಲ್ಲಿ ಆಟ ಮುಗಿದ ತಕ್ಷಣ ಬಿಚ್ಚಿ ಎತ್ತರದ ಮೊಳೆಗೆ ನೇತುಹಾಕಿ, ಗಂಟನ್ನು ವಾರಕ್ಕೊಮ್ಮೆ ಎಳೆದು ನೋಡಿ.